ಅಮ್ಮನ ಭಾನುವಾರಗಳು

ನನ್ನ ತಂಗಿ ಎಲುನೇ ಹನ್ನೊಂದು ವರ್ಷ ಬೇಸಿಗೆಯನ್ನೇ ಕಂಡಿರಲಿಲ್ಲ. ಸ್ಕೀ ಅವಳ ಹೊಟ್ಟೆಪಾಡು. ಭೂಮಿಯ ದಕ್ಷಿಣಾರ್ಧದಲ್ಲಿರುವ ನಮ್ಮ ಎಸ್ಕೆಲ್ ಊರಿನ ಮೇಲಿರುವ ಬೆಟ್ಟದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಮ ಇರುತ್ತದೆ, ಅಷ್ಟು ದಿನ ಇಲ್ಲಿರುತ್ತಿದ್ದಳು. ಇಲ್ಲಿ ಕರಗುವ ಹೊತ್ತಿಗೆ ಯುರೋಪಿನಲ್ಲಿ ಬೀಳಲು ಶುರುವಾಗುತ್ತದೆ, ಆಗ ಪೆಟ್ಟಿಗೆ ಕಟ್ಟಿ ಹೊರಟುಬಿಡುತ್ತಿದ್ದಳು. ನಾವು ಡಿಸೆಂಬರಿನಲ್ಲಿ ಚೆರ್ರಿ ಕೀಳುವಾಗ, ಜನವರಿಯಲ್ಲಿ ನದಿಗೆ ಇಳಿಯುವಾಗ ಅವಳು ಆಸ್ಟ್ರಿಯಾದಲ್ಲೋ ಫ್ರಾನ್ಸಿನಲ್ಲೋ ಯಾವುದೋ ಕಡಿದಾದ ಬೆಟ್ಟದ ತುದಿಯಲ್ಲಿ ಕ್ಯಾಮೆರಾದವರಿಗಾಗಿ ಕಾಯುತ್ತ ನಿಂತಿರುತ್ತಿದ್ದಳು.

ಕಳೆದ ವರ್ಷ ಒಂದು ಸಂದು ಸಿಕ್ಕಿತು. ಸ್ಕೀ ತಯಾರಿಸುವವರ ಜೊತೆಗಿದ್ದ ಅವಳ ಒಪ್ಪಂದ ನವೆಂಬರಿಗೆ ಮುಗಿಯಿತು. ಬೇರೆಯವರ ಜೊತೆಗಿನದು ಏಪ್ರಿಲ್ ಒಂದಕ್ಕೆ ಶುರು. ನಡುವಿನ ನಾಲ್ಕು ತಿಂಗಳು ಅವಳು ಯಾರ ಆಳೂ ಅಲ್ಲ.

"ಲಿಚಾ, ಈ ಸಲ ಎಲ್ಲೂ ಹೋಗಲ್ಲ. ಮನೆ ಕಟ್ಟೋಣ," ಎಂದಳು ಯುರೋಪಿನಿಂದ ಫೋನಿನಲ್ಲಿ.

ನಾನು ಲಿಸಾಂದ್ರೊ, ಊರಿಗೆಲ್ಲ ಲಿಚಾ. ಮರಗೆಲಸ ನನ್ನದು. ತಂಗಿಯ ಮನೆ ಕಟ್ಟುವುದೆಂದರೆ ನನಗೂ ಹುರುಪೇ. ಆದರೆ ಜಾಗದ ಮಾತು ಬಂದಾಗ ಸ್ವಲ್ಪ ಕಸಿವಿಸಿಯಾಯಿತು.

ಜಾಗ ನಮ್ಮ ತಾತನದು, ಅಮ್ಮನ ಅಪ್ಪನದು. ಊರಿಂದ ದಕ್ಷಿಣಕ್ಕೆ ಆರು ಕಿಲೋಮೀಟರ್. ಮೇಲೆ ಲೆಂಗಾ ಮರಗಳ ಸಾಲು, ಕೆಳಗೆ ತೊರೆ, ನಡುವೆ ಇಳಿಜಾರು. ಎಲುನೇ ಅದನ್ನು ಆಗಸ್ಟಿನಲ್ಲಿ, ಸೊಂಟದೆತ್ತರದ ಹಿಮದಲ್ಲಿ ನೋಡಿದ್ದಳು. ಅರ್ಧ ದಿನ ಅದರ ಮೇಲೆಲ್ಲ ಓಡಾಡಿ ಒಂದು ಕಡೆ ನಾಲ್ಕು ಗೂಟ ಹೊಡೆದಿದ್ದಳು. "ಇಲ್ಲೇ. ಗಾಳಿ ಈ ಕಡೆಯಿಂದ ಬಂದು ಅಲ್ಲಿ ಒಡೆಯುತ್ತೆ. ಬಾಗಿಲ ಮುಂದೆ ಹಿಮ ಗುಡ್ಡೆ ಬೀಳಲ್ಲ," ಎಂದಿದ್ದಳು. ಹಿಮದ ವಿಷಯದಲ್ಲಿ ಅವಳ ಮಾತು ತೆಗೆದುಹಾಕುವಂತಿಲ್ಲ. ಹಿಮದ ಕೆಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. "ನಾನೇ ಹೇಳ್ತೀನಿ, ನೀನು ಸುಮ್ನಿರು," ಎಂದು ಅಮ್ಮ ಒಂಬತ್ತು ವರ್ಷದಿಂದ ಹೇಳುತ್ತಿದ್ದಳು.

ಡಿಸೆಂಬರಿನ ಮೊದಲ ವಾರ ಎಲುನೇ ಬಂದಳು. ಮಾರನೆಯ ದಿನವೇ ಜಾಗಕ್ಕೆ ಹೋದೆವು. ಹಿಮ ಇರಲಿಲ್ಲ. ಮಣ್ಣಿನ ದಿಬ್ಬಗಳಿದ್ದವು, ಸಣ್ಣವು, ದೊಡ್ಡವು, ಜೋಡಿ ದಿಬ್ಬಗಳು. ಅವುಗಳ ನಡುವೆ ಸುತ್ತಿ ಬಳಸಿ ಹೋಗುವ ಅಗಲವಾದ ದಾರಿ, ದಾರಿ ತುಂಬ ಟೈರು ಕೊರೆದ ಆಳವಾದ ಗೆರೆಗಳು. ಅವಳ ನಾಲ್ಕು ಗೂಟಗಳಲ್ಲಿ ಎರಡು ಎಲ್ಲಕ್ಕಿಂತ ದೊಡ್ಡ ದಿಬ್ಬದ ಆಚೆಯ ಇಳಿಜಾರಿನಲ್ಲಿ ವಾಲಿಕೊಂಡಿದ್ದವು.

"ಇದೇನಿದು?"

"ಟ್ರ್ಯಾಕು."

"ಯಾವುದರ ಟ್ರ್ಯಾಕು?"

"ಮೋಟೊಕ್ರಾಸ್‌ದು. ಊರಿನ ಕ್ಲಬ್‌ನೋರು ಭಾನುವಾರ ಬೈಕ್ ಓಡಿಸ್ತಾರೆ."

"ನಮ್ಮ ಜಾಗದಲ್ಲಿ? ಯಾರು ಬಿಟ್ರು?"

"ಅಮ್ಮನ್ನೇ ಕೇಳು," ಎಂದೆ.

ಅಮ್ಮ ಸುಲೇಮಾ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಐವತ್ತೇಳು ವರ್ಷ. ಅಪ್ಪ ತೀರಿಕೊಂಡಾಗ ಎಲುನೇಗೆ ಹನ್ನೆರಡು; ಆಮೇಲೆ ನಮ್ಮಿಬ್ಬರನ್ನೂ ಅವಳೇ ದಡ ಹತ್ತಿಸಿದಳು. ಎಲುನೇ ಕೇಳಿದಾಗ ಅಮ್ಮ ಒಲೆಯ ಕಡೆಗೆ ತಿರುಗಿಕೊಂಡು, "ಹೌದು, ನಾನೇ ಬಿಟ್ಟೆ. ಖಾಲಿ ಬಿದ್ದಿತ್ತಲ್ಲ," ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಆ ತಿಂಗಳು ಎಲುನೇ ಬೇರೆ ದೇಶದಿಂದ ಬಂದವಳ ಹಾಗೆ ಎಲ್ಲವನ್ನೂ ಕೇಳುತ್ತಿದ್ದಳು. ರಾತ್ರಿ ಹತ್ತಕ್ಕೂ ಬೆಳಕಿರುವಾಗ ಮಕ್ಕಳನ್ನು ಹೇಗೆ ಮಲಗಿಸುತ್ತಾರೆ, ರಸ್ತೆಬದಿಯ ನೇರಳೆ ಹೂಗಳನ್ನು ಯಾರು ನೆಟ್ಟರು, ಕುದುರೆನೊಣ ಕಪ್ಪು ಬಟ್ಟೆಯನ್ನೇ ಏಕೆ ಹುಡುಕಿಕೊಂಡು ಬರುತ್ತದೆ. ಕಪ್ಪು ಅಂಗಿ ಹಾಕಿಕೊಂಡು ಬಂದ ಮೊದಲ ದಿನ ಅವಳನ್ನು ನೊಣಗಳು ತೊರೆಯವರೆಗೆ ಅಟ್ಟಿಸಿಕೊಂಡು ಹೋದವು. ನಾನು ನೆಲದ ಮೇಲೆ ಕೂತು ನಕ್ಕೆ.

ಒಂದು ಸಂಜೆ ಮಾಟೆ ಎಲೆಯ ಕಷಾಯ ಕುಡಿಯುತ್ತ ಮನೆಯ ನಕ್ಷೆ ಹರಡಿಕೊಂಡಿದ್ದೆವು. ಗೂಟಗಳನ್ನು ಕೆಳಗೆ ತೊರೆಯ ಕಡೆಗೆ ಸರಿಸೋಣ ಎಂದು ಎಲುನೇ ಹೇಳಿದಳು. ಅಮ್ಮ ಮಾಟೆಗೆ ಬಿಸಿನೀರು ಸುರಿಯುತ್ತಲೇ, "ಅಲ್ಲಿ ಬೇಡ. ಎರಡನೇ ತಿರುವು ದಾಟಿದ ಮೇಲೆ ಒಳಗೆ ನೀರಿದೆ. ಜನವರೀಲೂ ಒಣಗಲ್ಲ, ಹಿಂದಿನ ಚಕ್ರ ಜಾರುತ್ತೆ," ಎಂದಳು.

ಎಲುನೇ ತಲೆಯೆತ್ತಿದಳು. "ಯಾರ ಹಿಂದಿನ ಚಕ್ರ?"

"ಓಡಿಸೋರದ್ದು."

"ನಿಂಗೆ ಹೇಗೆ ಗೊತ್ತು?"

"ಹೇಳ್ತಿರ್ತಾರೆ," ಎಂದು ಅಮ್ಮ ಎದ್ದು ಹೋದಳು. ನಾನು ನಕ್ಷೆಯಲ್ಲಿ ಅಡುಗೆಮನೆಯ ಅಳತೆಯನ್ನು ಮೂರನೆಯ ಸಲ ಓದಿದೆ.

ಭಾನುವಾರ ಅಮ್ಮ ಎಂದಿನಂತೆ ಬೆಳಿಗ್ಗೆಯೇ ಹೊರಟಳು. ಪಕ್ಕದ ಊರಾದ ಟ್ರೆವೆಲಿನ್‌ನಲ್ಲಿ ಗೆಳತಿಯೊಬ್ಬಳ ಟೀ ಅಂಗಡಿ ಇದೆ, ಭಾನುವಾರ ಅಲ್ಲಿ ಕೇಕ್ ಮಾಡಲು ಹೋಗುತ್ತೇನೆ ಎಂದು ಎಲುನೇಗೆ ಹೇಳಿದ್ದಳು. ಹತ್ತು ಗಂಟೆಗೆ ಎಲುನೇ ನನ್ನ ಗಾಡಿಯ ಬಾಗಿಲು ತೆಗೆದು ಕೂತಳು. "ನಡಿ ಲಿಚಾ, ಆ ಚಕ್ರ ಯಾರದು ಅಂತ ನೋಡ್ಬೇಕು."

"ಭಾನುವಾರ ಬೇಡ ಕಣೇ."

"ಅದಕ್ಕೇ ನೋಡ್ಬೇಕು."

ನಾವು ಹೋದಾಗ ಏಳೆಂಟು ಬೈಕುಗಳು ಓಡುತ್ತಿದ್ದವು. ಕ್ಲಬ್ ನಡೆಸುವ, ಊರೆಲ್ಲ ಗೌರವದಿಂದ ಡಾನ್ ಎಂದು ಕರೆಯುವ ವೆನ್ಸೆಸ್ಲಾವೊ ಬೇಲಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದವನು ಎಲುನೇಯನ್ನು ಕಂಡು ಟೋಪಿ ತೆಗೆದ, ನನ್ನ ಮುಖ ನೋಡಿದ, ಮತ್ತೆ ಟೋಪಿ ಹಾಕಿಕೊಂಡ. ಎಲುನೇ ನೇರವಾಗಿ ತನ್ನ ಗೂಟಗಳ ಹತ್ತಿರ ಹೋಗಿ ನಿಂತಳು. ನೀಲಿ ಅಂಗಿಯ ಸವಾರನೊಬ್ಬ ದೊಡ್ಡ ದಿಬ್ಬದಿಂದ ಹಾರಿ ಅವಳಿಂದ ಆರೇಳು ಹೆಜ್ಜೆ ದೂರದಲ್ಲಿ ಇಳಿದು, ಸ್ವಲ್ಪ ಮುಂದೆ ಹೋಗಿ ಬೈಕು ನಿಲ್ಲಿಸಿದ. ಹೆಲ್ಮೆಟ್ ತೆಗೆದಾಗ ಒಳಗಿಂದ ನರೆತ ಜಡೆ ಜಾರಿ ಬಿತ್ತು.

ಅವಳು ಜಡೆಯನ್ನು ಬೆನ್ನಿಗೆ ಸರಿಸಿಕೊಂಡಳು.

"ನಿಂಗೆ ಇವತ್ತು ಇಲ್ಲಿ ಕೆಲಸ ಇಲ್ಲ ಅಂದ್ಕೊಂಡಿದ್ದೆ," ಎಂದಳು ಅಮ್ಮ.

"ನೀನು ಕೇಕ್ ಮಾಡ್ತಿದೀಯ ಅಂದ್ಕೊಂಡಿದ್ದೆ."

ಎಲುನೇ ಹತ್ತಿರ ಹೋಗಿ ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಟ್ಯಾಂಕಿನ ಮೇಲೆ ಕೈಯಾಡಿಸಿದಳು. ಅಲ್ಲಿ ಹಳೆಯ ತಗ್ಗೊಂದಿತ್ತು, ಅದರ ಸುತ್ತ ಬಣ್ಣ ಹೋಗಿತ್ತು.

"ಇದು ನಂದು," ಎಂದಳು.

"ಟ್ಯಾಂಕ್ ಮಾತ್ರ. ಉಳಿದಿದ್ದೆಲ್ಲ ಬದಲಾಯಿಸಿದೀನಿ," ಎಂದಳು ಅಮ್ಮ.

ಇಲ್ಲಿ ಹಿಂದಿನ ಮಾತೊಂದು ಹೇಳಬೇಕು. ಹದಿನೈದರಲ್ಲಿ ಎಲುನೇಗೆ ಎರಡು ಹುಚ್ಚಿತ್ತು, ಸ್ಕೀ ಮತ್ತು ಬೈಕು. ಆ ಬೈಕಿಗಾಗಿ ಅವಳು ಎರಡು ವರ್ಷ ಹೋಟೆಲಿನಲ್ಲಿ ಪಾತ್ರೆ ತೊಳೆದಿದ್ದಳು. ಒಮ್ಮೆ ಬಿದ್ದು ಮಂಡಿ ಊದಿಸಿಕೊಂಡು ಬಂದಾಗ ಅಮ್ಮ ಬೈಕನ್ನು ಶೆಡ್ಡಿಗೆ ತಳ್ಳಿ ಬೀಗ ಹಾಕಿದಳು. ಕಾಲು ಮುರಿದರೆ ಸ್ಕೀಯೂ ಇಲ್ಲ, ಎರಡರಲ್ಲಿ ಒಂದು ಆರಿಸಿಕೋ ಎಂದಳು. ಎಲುನೇ ಒಂದು ತಿಂಗಳು ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ.

ಆ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಅದು ಬಂತು. ಅಮ್ಮ ಬೂಟು ಬಿಚ್ಚಿ, ಬರಿಗಾಲಿನಲ್ಲಿ ಕೂತಿದ್ದಳು. ಬೈಗುಳ ಬರುತ್ತದೆ ಎಂದು ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಎಲುನೇ ಬೈಯಲಿಲ್ಲ. ಕೇಳತೊಡಗಿದಳು.

"ಯಾವಾಗಿಂದ?"

"ನೀನು ಯುರೋಪಿಗೆ ಹೋದ ಮೊದಲ ವರ್ಷ. ಇಂಜಿನ್ ಹಿಡ್ಕೊಂಡ್ಬಿಡುತ್ತೆ, ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಅಂತ ವೆನ್ಸೆಸ್ಲಾವೊ ಹೇಳಿದ. ಭಾನುವಾರ ಭಾನುವಾರ ಶೆಡ್ಡಲ್ಲೇ ಸ್ಟಾರ್ಟ್ ಮಾಡ್ತಿದ್ದೆ. ಹೊಗೆ ತುಂಬ್ಕೊಳ್ತಿತ್ತು. ಹೊರಗೆ ತಳ್ಕೊಂಡು ಬಂದೆ. ಹೊರಗೆ ಬಂದ್ಮೇಲೆ ಸುಮ್ನೆ ನಿಂತಿರೋದು ಯಾಕೆ ಅಂತ ಹತ್ತಿ ಕೂತೆ."

"ಯಾರು ಕಲಿಸಿದ್ರು?"

"ಮೊದಲನೇ ವರ್ಷ ಯಾರೂ ಇಲ್ಲ. ತೊರೆವರೆಗೂ ಹೋಗೋದು, ತಳ್ಕೊಂಡು ಬರೋದು."

"ಮೂಳೆ ಎಷ್ಟು ಮುರಿದಿದೆ?"

ಅಮ್ಮ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ಎರಡು. ಒಂದು ಬೆರಳು, ಒಂದು ಹೆಗಲ ಮೂಳೆ."

"ಹೆಗಲು ಶಾಲೆ ಅಡುಗೆಮನೇಲಿ ಜಾರಿ ಬಿದ್ದಿದ್ದು ಅಂದಿದ್ದೆ."

"ಅಂದಿದ್ದೆ."

"ನನ್ನ ಬೈಕ್ ಕಿತ್ಕೊಂಡು ನೀನು ಓಡಿಸ್ದೆ."

"ಹೌದು," ಎಂದಳು ಅಮ್ಮ. ಬೂಟಿನ ಮಣ್ಣು ಕೆರೆಯುತ್ತ, "ಹೇಗೆ ಹೇಳ್ಲಿ ನಿಂಗೆ? ಪ್ರತಿ ವರ್ಷ ಹೇಳ್ಬೇಕು ಅಂದ್ಕೊಳ್ತಿದ್ದೆ. ನೀನು ಫೋನ್ ಮಾಡಿ ಹಿಮ ಹೇಗಿದೆ ಅಂತ ಹೇಳ್ತಿದ್ದೆ, ನಾನು ಗಾಳಿ ಹೇಗಿದೆ ಅಂತ ಹೇಳ್ತಿದ್ದೆ. ಅಷ್ಟರಲ್ಲೇ ಮಾತು ಮುಗಿದುಹೋಗೋದು," ಎಂದಳು.

ಎಲುನೇ ಎದ್ದು ಹೋಗಿ ಅಂಗಳದಲ್ಲಿ ಒಬ್ಬಳೇ ನಿಂತಳು. ಬಹಳ ಹೊತ್ತು ನಿಂತಿದ್ದಳು. ಒಳಗೆ ಬಂದಾಗ ಕಣ್ಣು ಕೆಂಪಗಿತ್ತು, ಆದರೆ ಬಾಯಲ್ಲಿ ಇನ್ನೊಂದು ಪ್ರಶ್ನೆ ಇತ್ತು.

"ಆ ದೊಡ್ಡ ದಿಬ್ಬದಲ್ಲಿ ಮೇಲಿದ್ದಾಗ ಏನ್ ಮಾಡ್ತೀಯ?"

"ಮೇಲಿದ್ದಾಗ ಏನ್ ಮಾಡೋದು?"

"ಸ್ಕೀಯಲ್ಲಿ ಒಂದ್ಸಲ ಹಾರಿದ್ರೆ ಮುಗೀತು, ಗಾಳೀಲಿ ಏನೂ ಬದಲಾಯಿಸೋಕಾಗಲ್ಲ. ಬೈಕ್ ಮೂತಿ ನೀನು ಗಾಳೀಲೇ ಎತ್ತಿದೆ. ನಾನು ನೋಡ್ದೆ."

ಅಮ್ಮನ ಮುಖದಲ್ಲಿ ನಗು ಬಂತು. "ಎಕ್ಸಿಲರೇಟರ್," ಎಂದಳು. "ಹಿಂದಿನ ಚಕ್ರ ಜೋರಾಗಿ ತಿರುಗಿದ್ರೆ ಮೂತಿ ಏಳುತ್ತೆ. ಬ್ರೇಕ್ ಒತ್ತಿದ್ರೆ ಇಳಿಯುತ್ತೆ. ಬಾ, ಬುಧವಾರ ಸಂಜೆ ತೋರಿಸ್ತೀನಿ."

ಏಪ್ರಿಲ್ ಒಂದಕ್ಕೆ ಶುರುವಾಗುವ ಒಪ್ಪಂದದಲ್ಲಿ ಬೈಕು ಮುಟ್ಟಬಾರದು ಎಂದು ಬರೆದಿತ್ತು. ಅದು ಎಲುನೇಗೂ ಗೊತ್ತಿತ್ತು, ಅಮ್ಮನಿಗೂ ಹೇಳಿದಳು. "ಹಾಗಾದ್ರೆ ಮಾರ್ಚ್‌ವರೆಗೂ ಟೈಮಿದೆ," ಎಂದಳು ಅಮ್ಮ. ಹದಿನೈದರ ಹುಡುಗಿಯಿಂದ ಬೈಕು ಕಿತ್ತುಕೊಂಡವಳು ಇವಳೇನಾ ಎಂದು ನನಗೆ ಅನ್ನಿಸಿತು.

ಮನೆಯನ್ನು ಮೇಲಕ್ಕೆ, ಲೆಂಗಾ ಮರಗಳ ಕಡೆಗೆ ಇಪ್ಪತ್ತು ಹೆಜ್ಜೆ ಸರಿಸಿದೆವು. ಹಿಮ ಎಲ್ಲಿ ಕೂರುತ್ತದೆ ಎಂದು ಮಗಳು ಹೇಳಿದಳು, ನೀರು ಎಲ್ಲಿ ನಿಲ್ಲುತ್ತದೆ ಎಂದು ತಾಯಿ ಹೇಳಿದಳು, ಇಬ್ಬರಿಗೂ ಒಪ್ಪಿಗೆಯಾದ ಜಾಗದಲ್ಲಿ ನಾನು ಹಗ್ಗ ಕಟ್ಟಿದೆ. ಪಾಯದಿಂದ ತೆಗೆದ ಮಣ್ಣನ್ನು ಡಾನ್ ವೆನ್ಸೆಸ್ಲಾವೊ ಕ್ಲಬ್ಬಿನವರ ಜೊತೆ ಬಂದು ಹೊತ್ತುಕೊಂಡು ಹೋಗಿ ಹೊಸದೊಂದು ದಿಬ್ಬ ಮಾಡಿಸಿದ. ನಮಗೆ ಮಣ್ಣು ಸಾಗಿಸುವ ಕೆಲಸ ತಪ್ಪಿತು. ಜನವರಿಯಿಡೀ ನಾವು ಕಂಬ ನಿಲ್ಲಿಸಿದೆವು, ಹಲಗೆ ಬಡಿದೆವು. ಗಾಳಿ ಎಷ್ಟಿತ್ತೆಂದರೆ ಒಂದು ದಿನ ಗೋಡೆಯ ಚೌಕಟ್ಟನ್ನು ಎತ್ತಿ ನಿಲ್ಲಿಸಿ ಮೂವರೂ ಅದಕ್ಕೆ ಬೆನ್ನು ಕೊಟ್ಟು ಅರ್ಧ ಗಂಟೆ ನಿಂತಿದ್ದೆವು. ಯಾರಾದರೂ ಬಂದು ಮೊಳೆ ಹೊಡೆದಾರು ಎಂದು ಕಾದೆವು, ಯಾರೂ ಬರಲಿಲ್ಲ. ಕೊನೆಗೆ ಅಮ್ಮನೇ ಒಂದು ಕಾಲಿನಿಂದ ಸುತ್ತಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಬುಧವಾರ ಮತ್ತು ಭಾನುವಾರ ಎಲುನೇ ಡಾನ್ ವೆನ್ಸೆಸ್ಲಾವೊನ ಹಳೆಯ ಬೈಕಿನಲ್ಲಿ ಕಲಿತಳು. ತಿರುವಿನಲ್ಲಿ ಅವಳು ಮೊದಲ ದಿನವೇ ಚೆನ್ನಾಗಿದ್ದಳು, ಕಣ್ಣು ಯಾವಾಗಲೂ ಮುಂದಿನ ತಿರುವಿನಲ್ಲಿರುತ್ತಿತ್ತು. ಹಾರುವಾಗ ಮಾತ್ರ ಹಳೆಯ ಅಭ್ಯಾಸ ಬಿಡಲಿಲ್ಲ. ನೆಲ ಬಿಟ್ಟೊಡನೆ ಮೈಯೆಲ್ಲ ಮುದುಡಿಕೊಂಡು ಸುಮ್ಮನಾಗುತ್ತಿದ್ದಳು, ಕೈಯೂ ಎಕ್ಸಿಲರೇಟರ್ ಬಿಡುತ್ತಿತ್ತು, ಬೈಕಿನ ಮೂತಿ ಕೆಳಗಾಗುತ್ತಿತ್ತು.

"ಬಿಡಬೇಡ ಅಂದ್ನಲ್ಲ," ಎಂದು ಅಮ್ಮ ಬೇಲಿಯ ಹತ್ತಿರದಿಂದ ಕೂಗುತ್ತಿದ್ದಳು. "ಮೇಲೆ ಹೋಗಿ ನಿದ್ದೆ ಮಾಡ್ತೀಯೇನೇ?"

"ನಿದ್ದೆ ಅಲ್ಲ, ನೋಡ್ತಿದೀನಿ."

"ಏನ್ ನೋಡ್ತೀಯ?"

"ಅಡುಗೆಮನೆ ಕಿಟಕಿ ಸೊಟ್ಟ ಇದೆ."

ನಾನು ಮೇಲೆ ಹೋಗಿ ಅಳೆದು ನೋಡಿದೆ. ಕಿಟಕಿ ನಿಜವಾಗಿಯೂ ಎರಡು ಬೆರಳು ಸೊಟ್ಟಗಿತ್ತು.

ಫೆಬ್ರವರಿಯ ಕೊನೆಯ ಭಾನುವಾರ ಬೆಟ್ಟದಾಚೆಯ ಊರಿನಲ್ಲಿ ಪ್ರಾಂತ್ಯದ ರೇಸು ಸರಣಿಯ ಒಂದು ಪಂದ್ಯ ಇತ್ತು, ಒಂದೊಂದು ಗುಂಪಿಗೂ ಎರಡು ಓಟ. ಹೆಂಗಸರ ಗುಂಪಿನಲ್ಲಿ ಆರೇ ಜನ. ವಯಸ್ಸಿನ ಭೇದ ಇರಲಿಲ್ಲ, ಹಾಗೆ ವಿಂಗಡಿಸುವಷ್ಟು ಜನವೂ ಇರಲಿಲ್ಲ. ಅಮ್ಮ, ಎಲುನೇ ಇಬ್ಬರೂ ಓಟ ಶುರುಮಾಡುವ ಒಂದೇ ಗೇಟಿನ ಹಿಂದೆ ನಿಂತರು. ಧೂಳಿಗೆ ಟ್ರ್ಯಾಕಿನ ಆಚೆ ಬದಿ ಕಾಣುತ್ತಿರಲಿಲ್ಲ. ಧ್ವನಿವರ್ಧಕದವನು, "ಡೋನ್ಯಾ ಸುಲೇಮಾ ಈ ಸಲ ಮಗಳನ್ನೂ ಕರ್ಕೊಂಡು ಬಂದಿದಾರೆ. ಮಗಳು ಹಿಮದ ಮೇಲೆ ಹೆಸರು ಮಾಡಿದೋರು, ಮಣ್ಣಿನ ಮೇಲೆ ನೋಡೋಣ," ಎಂದ. ಜನ ನಕ್ಕರು.

ಗೇಟು ಬಿದ್ದೊಡನೆ ಎಲುನೇ ಎಲ್ಲರಿಗಿಂತ ಮುಂದೆ ಹೊರಟಳು. ಮೊದಲ ಎರಡು ಸುತ್ತು ಅವಳೇ ಮುಂದೆ. ಅಮ್ಮ ನಾಲ್ಕನೆಯವಳು. ಮೂರನೆಯ ಸುತ್ತಿನಲ್ಲಿ ಜೋಡಿ ದಿಬ್ಬದ ಮೇಲೆ ಎಲುನೇ ಹಾರಿದಳು, ಮೂತಿ ಬಗ್ಗಿತು, ಮುಂದಿನ ಚಕ್ರ ಎರಡನೆಯ ದಿಬ್ಬದ ನೆತ್ತಿಗೆ ಬಡಿಯಿತು. ಬೈಕು ಒಂದು ಕಡೆ, ಅವಳು ಒಂದು ಕಡೆ. ಯಾರೋ ಬಿದ್ದಿದ್ದಾರೆ, ಹಾರಬೇಡಿ ಎನ್ನುವ ಹಳದಿ ಬಾವುಟ ಎದ್ದಿತು. ನಾನು ಬೇಲಿ ಹಾರಿ ಓಡಿದೆ.

ಓಡುತ್ತಿರುವಾಗಲೇ ಅಮ್ಮ ಬಂದಳು. ಹಾರಲಿಲ್ಲ, ವೇಗ ತಗ್ಗಿಸಿ, ದಿಬ್ಬ ಹತ್ತಿ ಇಳಿದು, ಎಲುನೇಯ ಪಕ್ಕದಲ್ಲೇ ಹಾದು ಹೋದಳು. ನಿಲ್ಲಲಿಲ್ಲ. ನಾನು ಹೋಗಿ ನೋಡಿದರೆ ಎಲುನೇ ಮಣ್ಣಿನಲ್ಲಿ ಕೂತು ನಾಲ್ಕು ದೇಶದ ಭಾಷೆಗಳಲ್ಲಿ ಬೈಯುತ್ತಿದ್ದಳು. ಕೈಕಾಲು ಆಡಿಸಿದಳು, ಎಲ್ಲವೂ ಆಡಿದವು. ಕ್ಲಚ್ ಹಿಡಿ ಬಾಗಿತ್ತು. ಬೈಕು ಎತ್ತಿಕೊಟ್ಟರು, ಹತ್ತಿ ಹೊರಟಳು, ಕೊನೆಯವಳಾಗಿ ಮುಗಿಸಿದಳು. ಅಮ್ಮ ಮೂರನೆಯವಳಾದಳು.

ರೇಸು ಮುಗಿದು ಅಮ್ಮ ನಮ್ಮ ಗಾಡಿಯ ಹತ್ತಿರ ಬಂದು ಬೈಕಿನಿಂದ ಇಳಿದಳು. ಗ್ಲೌಸು ತೆಗೆಯಲು ನೋಡಿದಳು, ಆಗಲಿಲ್ಲ. ಕೈ ಅಷ್ಟು ನಡುಗುತ್ತಿತ್ತು. ನಾನು ಒಂದೊಂದೇ ಬೆರಳು ಹಿಡಿದು ಎಳೆದು ತೆಗೆದೆ. ಒಂಬತ್ತು ವರ್ಷ ಅವಳ ಜೊತೆ ರೇಸಿಗೆ ಹೋಗಿದ್ದೇನೆ, ಹೆಗಲ ಮೂಳೆ ಮುರಿದ ದಿನವೂ ಅವಳ ಕೈ ನಡುಗಿದ್ದು ನಾನು ನೋಡಿರಲಿಲ್ಲ.

ಎಲುನೇ ಕುಂಟುತ್ತ ಬಂದಳು. "ಬಿದ್ದಿದ್ದು ನೋಡಿದ್ಯಾ?"

"ನೋಡ್ದೆ."

"ನಿಲ್ಲಲಿಲ್ಲ."

"ಬೈತಾ ಇದ್ದೆ ನೀನು. ಹೆಲ್ಮೆಟ್ ಒಳಗಿಂದಾನೇ ಕೇಳಿಸ್ತು. ಬೈಯೋಷ್ಟು ಉಸಿರಿದೆ ಅಂದ್ಮೇಲೆ ನಾನು ನಿಂತು ಏನ್ ಮಾಡ್ಲಿ?"

"ಅಕಸ್ಮಾತ್ ಬೈದಿರ್ಲಿಲ್ಲ ಅಂದ್ರೆ?"

ಅಮ್ಮ ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದಳು. ಎಲುನೇ ಆ ಕೈಗಳನ್ನು ನೋಡಿದಳು. ಆಮೇಲೆ ಅಮ್ಮನ ಪಕ್ಕ ನೆಲದ ಮೇಲೆ ಕೂತಳು. ಎರಡನೆಯ ಓಟಕ್ಕೆ ಕರೆ ಬಂದಾಗ ಇಬ್ಬರೂ ಒಟ್ಟಿಗೆ ಎದ್ದರು. ಅದರಲ್ಲಿ ಎಲುನೇ ನಾಲ್ಕನೆಯವಳು, ಅಮ್ಮ ಐದನೆಯವಳು. ಅಮ್ಮನನ್ನು ಹಿಂದೆ ಹಾಕಿದ ತಿರುವಿನ ಬಗ್ಗೆ ಮನೆಗೆ ಬರುವ ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿದರು.

ಮಾರ್ಚ್ ನಡುವಿಗೆ ತಗಡಿನ ಸೂರು ಹೊದಿಸಿದೆವು. ಸೂರು ಹೊದಿಸಿದ ದಿನ ಕೆಲಸ ಮಾಡಿದವರಿಗೆಲ್ಲ ಮಾಂಸ ಸುಟ್ಟು ಹಾಕುವುದು ನಮ್ಮಲ್ಲಿಯ ಪದ್ಧತಿ. ಕ್ಲಬ್ಬಿನವರೆಲ್ಲ ಬಂದರು, ಮಣ್ಣು ಹೊತ್ತಿದ್ದೇವೆ, ನಾವೂ ಕೆಲಸದವರೇ ಎಂದರು. ಎರಡು ಕುರಿಮರಿ ಖಾಲಿಯಾದವು. ಮಾರ್ಚ್ ಮೂವತ್ತೊಂದರ ಸಂಜೆ ಎಲುನೇ ಕೊನೆಯ ಸಲ ಐದು ಸುತ್ತು ಹೊಡೆದು, ಬೈಕು ತೊಳೆದು ಡಾನ್ ವೆನ್ಸೆಸ್ಲಾವೊನಿಗೆ ಒಪ್ಪಿಸಿದಳು. ಮಾರನೆಯ ದಿನ ಒಪ್ಪಂದಕ್ಕೆ ಸಹಿ ಮಾಡಿದಳು. "ಬೇಜಾರಾಯ್ತಾ?" ಎಂದು ಕೇಳಿದೆ. "ಆಯ್ತು. ಆದ್ರೆ ನಂಗೆ ಸ್ಕೀ ಬೇಕು ಲಿಚಾ. ಆಗ್ಲೂ ಅದೇ ಆರಿಸ್ಕೊಳ್ತಿದ್ದೆ," ಎಂದಳು. ಅಮ್ಮ ಅಲ್ಲೇ ತರಕಾರಿ ಹೆಚ್ಚುತ್ತಿದ್ದಳು, ಚಾಕು ಒಂದು ಕ್ಷಣ ನಿಂತಿತು.

ಏಪ್ರಿಲಿನ ಎರಡನೆಯ ಭಾನುವಾರ ರೇಸು ಸರಣಿಯ ಮತ್ತೊಂದು ಪಂದ್ಯ. ಎಲೆ ಉದುರುವ ಕಾಲ ಬಂದು ಬೆಟ್ಟದ ಮರಗಳೆಲ್ಲ ಕೆಂಪಾಗಿದ್ದವು, ನೆಲ ತೇವವಾಗಿತ್ತು. ಎಲುನೇ ಮೊದಲ ಸಲ ಬೇಲಿಯ ಈಚೆ ನನ್ನ ಜೊತೆ ನಿಂತಳು. ಅಮ್ಮ ದಿಬ್ಬದ ಹಿಂದೆ ಮರೆಯಾದಾಗ ಅವಳು ತಂತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎಷ್ಟು ಹೊತ್ತಾಗುತ್ತೆ ಕಾಣಿಸೋಕೆ?"

"ಮೂವತ್ತು ಸೆಕೆಂಡು. ನೆಲ ತೇವ ಇದೆಯಲ್ಲ, ನಲವತ್ತು."

"ಇಷ್ಟು ವರ್ಷ ನೀನು ಹೀಗೇ ಎಣಿಸ್ಕೊಂಡು ನಿಂತಿರ್ತಿದ್ಯಾ?"

"ಮೊದಲನೇ ವರ್ಷ ಎಣಿಸ್ದೆ. ಆಮೇಲೆ ಅಲ್ಲಿ ಸಾಸೇಜ್ ಬ್ರೆಡ್ ಚೆನ್ನಾಗಿ ಮಾಡ್ತಾರೆ ಅಂತ ಗೊತ್ತಾಯ್ತು."

ಅವಳು ನಗಲಿಲ್ಲ. ಕಣ್ಣು ದಿಬ್ಬದ ಮೇಲೆಯೇ ಇತ್ತು. ತುಟಿಗಳು ಅಲ್ಲಾಡುತ್ತಿದ್ದವು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ನಾನು ಇಬ್ಬರಿಗೂ ತಿನ್ನಲು ತರುತ್ತೇನೆ ಎಂದು ಹೊರಟೆ. ನಾಲ್ಕು ಹೆಜ್ಜೆ ಹೋಗಿ ಹಿಂದಿರುಗಿ ನೋಡಿದಾಗ ಎಣಿಕೆ ನಿಂತಿತ್ತು, ಅಮ್ಮ ಆಗಲೇ ಇಳಿಜಾರಿನಲ್ಲಿ ಬರುತ್ತಿದ್ದಳು, ಎಲುನೇ ಬೇಲಿಯುದ್ದಕ್ಕೂ ಅವಳ ಜೊತೆ ಜೊತೆಗೇ ಓಡುತ್ತಿದ್ದಳು.